ಮುರಕಲ್ಲಿನ ದೊಡ್ಡ ಮನೆಗೆ ಮೆಶ್ ವೈಫೈ ಹಾಕುವುದು ಹೇಗೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ, ಅಡಿಕೆ ತೋಟದ ಮಧ್ಯೆ ನಮ್ಮ ದೊಡ್ಡಪ್ಪನ ಮನೆ. ಮುಂದೆ ಜಗಲಿ, ಚಾವಡಿ, ಅದರ ಹಿಂದೆ ಎರಡು ಕೋಣೆ, ದೇವರ ಕೋಣೆ, ಮೇಲೆ ಉಪ್ಪರಿಗೆ, ಹಿಂದೆ ಅಡುಗೆ ಕೋಣೆ ಮತ್ತು ಬಚ್ಚಲು, ಅಂಗಳದ ಆಚೆ ಹಟ್ಟಿ. ಮಗನ ಮದುವೆಯ ಹೊತ್ತಿಗೆ ಬಲಬದಿಗೆ ಸೇರಿಸಿ ಕಟ್ಟಿದ ಟೆರೇಸಿನ ಭಾಗ ಬೇರೆ. ಫೈಬರ್ ಪೆಟ್ಟಿಗೆ ಇರುವುದು ಚಾವಡಿಯಲ್ಲಿ. ಅಲ್ಲಿ ಕೂತರೆ ನೂರು ಎಂಬಿಪಿಎಸ್ ಸಲೀಸಾಗಿ ಬರುತ್ತಿತ್ತು. ಅಡುಗೆ ಕೋಣೆಗೆ ಕಾಲಿಟ್ಟರೆ ಏನೂ ಇಲ್ಲ. ದೊಡ್ಡಮ್ಮ ಮಗಳ ಹತ್ತಿರ ವಿಡಿಯೊ ಕಾಲಲ್ಲಿ ಮಾತಾಡಬೇಕಾದರೆ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಚಾವಡಿಗೆ ಬರಬೇಕಿತ್ತು.

"ಎಂತ ಮಾರಾಯ, ತಿಂಗಳು ತಿಂಗಳು ದುಡ್ಡು ಕಟ್ಟುವುದು ಚಾವಡಿಗೆ ಮಾತ್ರವಾ?" ಎಂದು ಒಂದು ದಿನ ಅವರು ನನ್ನಲ್ಲಿ ಕೇಳಿದರು.

ಅದನ್ನು ಸರಿ ಮಾಡಲು ನನಗೆ ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಮಧ್ಯದಲ್ಲಿ ದುಡ್ಡೂ ಹೋಯಿತು, ಸಿಡಿಲಿಗೆ ಎರಡು ಪೆಟ್ಟಿಗೆಗಳೂ ಹೋದವು. ಈಗ ಆ ಮನೆಯ ಮೂಲೆ ಮೂಲೆಯಲ್ಲೂ ರೇಂಜ್ ಇದೆ. ಆಮೇಲೆ ನೆಂಟರಿಷ್ಟರ ನಾಲ್ಕು ಮನೆಗಳಿಗೂ ಹೋಗಿ ಹಾಕಿಕೊಟ್ಟಿದ್ದೇನೆ. ಎಲ್ಲ ಕಡೆ ಕಂಡದ್ದು ಒಂದೇ ವಿಷಯ: ನಮ್ಮ ಮನೆಗಳಲ್ಲಿ ಗೋಡೆಯ ಜತೆ ಜಗಳಕ್ಕೆ ಹೋಗಬಾರದು, ವಯರ್ ಎಳೆಯಬೇಕು. ಪೆಟ್ಟಿಗೆ ಯಾವುದು ತೆಗೆದುಕೊಂಡಿರಿ ಎನ್ನುವುದು ಆಮೇಲಿನ ಮಾತು.

ಗೋಡೆ ಮಾಡುವ ಕೆಲಸ

ನಮ್ಮ ಕಡೆ ಮನೆ ಎಂದರೆ ಮುರಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲು. ಬೇಕಲ ಕೋಟೆ ಎದ್ದದ್ದೂ ಇದೇ ಕಲ್ಲಿನಲ್ಲಿ. ಹಳೆಯ ಮನೆಗಳಲ್ಲಿ ಗೋಡೆಯೇ ಒಂದೂವರೆ ಅಡಿ ದಪ್ಪ ಇರುತ್ತದೆ, ಹೊಸದರಲ್ಲಿ ಮುಕ್ಕಾಲು ಅಡಿಯಾದರೂ ಇರುತ್ತದೆ. ಈ ಕಲ್ಲು ತೂತು ತೂತು, ನೀರು ಹೀರಿ ಇಟ್ಟುಕೊಳ್ಳುತ್ತದೆ. ವೈಫೈ ಅಲೆಗೆ ನೀರು ಆಗುವುದಿಲ್ಲ, ನೀರು ಅದನ್ನು ನುಂಗಿಬಿಡುತ್ತದೆ. ಅದಕ್ಕೇ ಮಾರ್ಚ್ ತಿಂಗಳಲ್ಲಿ ಚೆನ್ನಾಗಿ ಸಿಗುತ್ತಿದ್ದ ಜಾಗದಲ್ಲಿ ಆಟಿ ತಿಂಗಳ ಮಳೆಗೆ ಗೋಡೆ ನೆನೆದ ಮೇಲೆ ರೇಂಜ್ ಕುಸಿಯುವುದು. ನಾನು ಇದನ್ನು ಎರಡು ಮನೆಗಳಲ್ಲಿ ಅಳೆದು ನೋಡಿದ್ದೇನೆ.

ವೈಫೈಯಲ್ಲಿ ಮುಖ್ಯವಾಗಿ ಎರಡು ಬ್ಯಾಂಡ್ ಇವೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆಯನ್ನೂ ಸ್ವಲ್ಪ ದಾಟುತ್ತದೆ, ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಗೋಡೆ ಕಂಡರೆ ಸೋಲುತ್ತದೆ. ಮುರಕಲ್ಲಿನ ಒಂದು ಗೋಡೆ ದಾಟಿದ 5 ಗಿಗಾಹರ್ಟ್ಸ್ ಹೇಗೋ ಬದುಕುತ್ತದೆ. ಎರಡು ಗೋಡೆ ದಾಟಿದರೆ ಅದರಲ್ಲಿ ಉಳಿಯುವುದು ಏನೂ ಇಲ್ಲ ಎಂದೇ ಲೆಕ್ಕ ಹಾಕಿ. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ.

ಗೋಡೆ ಬಿಟ್ಟರೆ ಲೋಹ. ಸ್ಟೀಲ್ ಕಪಾಟು, ಫ್ರಿಜ್, ದೊಡ್ಡ ಕನ್ನಡಿ, ಟೆರೇಸಿನ ಮೇಲೆ ಅಡಿಕೆ ಒಣಗಿಸಲು ಹಾಕಿದ ತಗಡಿನ ಶೀಟ್, ಇವೆಲ್ಲ ಅಲೆಯನ್ನು ತಿರುಗಿಸಿ ಕಳುಹಿಸುತ್ತವೆ. ಹಂಚಿನ ಮಾಡು ಅಷ್ಟು ತೊಂದರೆ ಕೊಡುವುದಿಲ್ಲ. ಉಪ್ಪರಿಗೆಯ ಮರದ ಹಲಗೆಯಂತೂ ನಮ್ಮ ಪಾಲಿಗೆ ವರ. ಅದರ ಮೂಲಕ ಮೇಲೆ ಕೆಳಗೆ ಆರಾಮವಾಗಿ ಹೋಗುತ್ತದೆ. ಕಾಂಕ್ರೀಟ್ ಸ್ಲಾಬಿನಲ್ಲಿ ಹಾಗಾಗುವುದಿಲ್ಲ, ಒಳಗೆ ಕಬ್ಬಿಣದ ಸರಳು ಇರುತ್ತದೆ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅಂಗಡಿಗೆ ಹೋಗಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಒಂದು ರಿಪೀಟರ್ ತಂದೆ. ಅಡುಗೆ ಕೋಣೆಯಲ್ಲಿ ಹಾಕಿದೆ, ಮೊಬೈಲಲ್ಲಿ ಕಡ್ಡಿಗಳೆಲ್ಲ ತುಂಬಿದವು, ದೊಡ್ಡಮ್ಮನಿಗೆ ಖುಷಿ. ಆದರೆ ವಿಡಿಯೊ ಓಡಲಿಲ್ಲ. ಕಾರಣ ಸರಳ. ಅಡುಗೆ ಕೋಣೆಗೆ ಮೊದಲೇ ಸಿಗ್ನಲ್ ಬರುತ್ತಿರಲಿಲ್ಲ, ಆ ಪೆಟ್ಟಿಗೆಗೂ ಬರಲಿಲ್ಲ. ಅದು ತನಗೆ ಸಿಕ್ಕಿದ ಚೂರುಪಾರನ್ನೇ ಜೋರಾಗಿ ಹೇಳುತ್ತಿತ್ತು, ಅಷ್ಟೇ. ಅಲ್ಲದೆ ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳಬೇಕಾದ್ದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಕಡ್ಡಿ ತುಂಬಿದೆ ಎಂದರೆ ಮೊಬೈಲಿಗೂ ಹತ್ತಿರದ ಪೆಟ್ಟಿಗೆಗೂ ಮಧ್ಯೆ ಚೆನ್ನಾಗಿದೆ ಎಂದು ಮಾತ್ರ. ಆ ಪೆಟ್ಟಿಗೆಗೆ ಇಂಟರ್ನೆಟ್ ಎಷ್ಟು ಬರುತ್ತಿದೆ ಎಂದು ಕಡ್ಡಿ ಹೇಳುವುದಿಲ್ಲ.

ಮೆಶ್ ಎಂದರೆ ಎರಡು ಮೂರು ಪೆಟ್ಟಿಗೆಗಳ ಒಂದು ತಂಡ. ಒಂದು ಮುಖ್ಯ, ಅದು ಫೈಬರ್ ಪೆಟ್ಟಿಗೆಗೆ ಸೇರುತ್ತದೆ. ಉಳಿದವು ಬೇರೆ ಬೇರೆ ಕೋಣೆಗಳಲ್ಲಿ ಕೂರುತ್ತವೆ. ಎಲ್ಲದರಿಂದ ಬರುವುದು ಒಂದೇ ಹೆಸರಿನ, ಒಂದೇ ಪಾಸ್‌ವರ್ಡಿನ ವೈಫೈ. ನೀವು ಚಾವಡಿಯಿಂದ ಹಿಂದೆ ನಡೆದ ಹಾಗೆ ಮೊಬೈಲ್ ತಾನೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಈ ಪೆಟ್ಟಿಗೆಗಳು ಒಂದಕ್ಕೊಂದು ಮಾತಾಡಿಕೊಳ್ಳುವ ದಾರಿಗೆ ಬ್ಯಾಕ್‌ಹಾಲ್ ಎನ್ನುತ್ತಾರೆ. ಅದು ಗಾಳಿಯಲ್ಲೂ ಆಗಬಹುದು, ವಯರಿನಲ್ಲೂ ಆಗಬಹುದು. ಜಾಹೀರಾತಿನಲ್ಲಿ ಗಾಳಿಯದ್ದನ್ನೇ ತೋರಿಸುತ್ತಾರೆ. ಮರ, ತೆಳು ಹಲಗೆಯ ಗೋಡೆಯ ಮನೆಗಳಿಗೆ ಅದು ಸಾಕು. ಇಲ್ಲಿ ಸಾಕಾಗುವುದಿಲ್ಲ.

ಕೊಳ್ಳುವ ಮೊದಲು ಮನೆ ಸುತ್ತಿ

ಒಂದು ಕಾಗದದಲ್ಲಿ ಮನೆಯ ನಕ್ಷೆ ಬರೆಯಿರಿ. ಚಂದ ಇರಬೇಕಾಗಿಲ್ಲ. ದಪ್ಪ ಗೋಡೆಗೆ ದಪ್ಪ ಗೆರೆ, ಬಾಗಿಲು ಇರುವಲ್ಲಿ ಖಾಲಿ, ಪ್ಲಗ್ ಪಾಯಿಂಟ್ ಇರುವಲ್ಲಿ ಚುಕ್ಕೆ. ಆಮೇಲೆ ಆಂಡ್ರಾಯ್ಡ್ ಮೊಬೈಲಿಗೆ ವೈಫೈ ಅನಲೈಜರ್ ಅಂತ ಸಿಗುವ ಯಾವುದಾದರೂ ಒಂದು ಆ್ಯಪ್ ಹಾಕಿಕೊಂಡು, ಈಗಿರುವ ಫೈಬರ್ ಪೆಟ್ಟಿಗೆಯ ವೈಫೈ ಆನ್ ಇಟ್ಟು, ಕೋಣೆ ಕೋಣೆಗೆ ಹೋಗಿ ಅದು ತೋರಿಸುವ ಸಂಖ್ಯೆ ಬರೆದುಕೊಳ್ಳಿ. ಆ ಸಂಖ್ಯೆ ಮೈನಸ್‌ನಲ್ಲಿರುತ್ತದೆ, ಅಳತೆ ಡಿಬಿಎಂ. ಮೈನಸ್ 50 ಆಸುಪಾಸು ಇದ್ದರೆ ಬಹಳ ಒಳ್ಳೆಯದು. ಮೈನಸ್ 67ರವರೆಗೆ ವಿಡಿಯೊ ಕಾಲ್ ಚೆನ್ನಾಗಿ ನಡೆಯುತ್ತದೆ. 70 ದಾಟಿದರೆ ತಡವರಿಸುತ್ತದೆ. 80 ಎಂದರೆ ಆ ಜಾಗದ ಆಸೆ ಬಿಡಿ. ಇಲ್ಲಿ ಹತ್ತು ಕಡಿಮೆಯಾಯಿತು ಎಂದರೆ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು ಎಂದು ಅರ್ಥ. ಹಾಗಾಗಿ 60ಕ್ಕೂ 70ಕ್ಕೂ ಸಣ್ಣ ವ್ಯತ್ಯಾಸ ಅಂದುಕೊಳ್ಳಬೇಡಿ.

ದೊಡ್ಡಪ್ಪನ ಮನೆಯಲ್ಲಿ ಚಾವಡಿಯಲ್ಲಿ ಮೈನಸ್ 42, ಮಧ್ಯದ ಕೋಣೆಯಲ್ಲಿ 63, ಅಡುಗೆ ಕೋಣೆಯಲ್ಲಿ 84 ಬಂತು. ಒಂದು ವಿಚಿತ್ರ ಕಂಡೆ. ಮಧ್ಯದ ಕೋಣೆಯ ಬಾಗಿಲು ತೆರೆದಿಟ್ಟು ಅದರ ನೇರಕ್ಕೆ ನಿಂತರೆ 55, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಗೋಡೆಯ ಮರೆಗೆ ಹೋದರೆ 66. ಆ ಎರಡು ಹೆಜ್ಜೆಯಲ್ಲಿ ನನಗೆ ಇಡೀ ಮನೆ ಅರ್ಥವಾಯಿತು. ಅಲೆ ಹೋಗುತ್ತಿರುವುದು ಬಾಗಿಲಿನಿಂದ. ಪೆಟ್ಟಿಗೆ ಇಡಬೇಕಾದದ್ದು ಬಾಗಿಲುಗಳು ಒಂದರ ನೇರಕ್ಕೆ ಒಂದು ಬರುವ ಸಾಲಿನಲ್ಲಿ. ಹಳೆಯ ಮನೆಗಳಲ್ಲಿ ಎದುರು ಬಾಗಿಲಿನಿಂದ ಹಿಂಬಾಗಿಲಿನವರೆಗೆ ಇಂಥ ಒಂದು ಸಾಲು ಇದ್ದೇ ಇರುತ್ತದೆ, ಅಲ್ವಾ? ಅದನ್ನು ಹುಡುಕಿ.

ಎಷ್ಟು ಪೆಟ್ಟಿಗೆ ಬೇಕು? ಬಾಕ್ಸಿನ ಮೇಲೆ ಬರೆದ ಚದರ ಅಡಿಯ ಲೆಕ್ಕ ನಮ್ಮ ಗೋಡೆಗೆ ಹೊಂದುವುದಿಲ್ಲ. ಯಾವ ಮೂಲೆಗೂ ಹತ್ತಿರದ ಪೆಟ್ಟಿಗೆಯಿಂದ ಒಂದಕ್ಕಿಂತ ಜಾಸ್ತಿ ದಪ್ಪ ಗೋಡೆ ಅಡ್ಡ ಬರಬಾರದು, ಅಷ್ಟೇ ನೋಡಿ. ದೊಡ್ಡಪ್ಪನ ಮನೆಗೆ ಚಾವಡಿಯಲ್ಲಿ ಒಂದು, ಅಡುಗೆ ಕೋಣೆಯ ಹೊರಗಿನ ಪಡಸಾಲೆಯಲ್ಲಿ ಒಂದು, ಟೆರೇಸ್ ಭಾಗದಲ್ಲಿ ಒಂದು, ಒಟ್ಟು ಮೂರು ಸಾಕಾಯಿತು. ಉಪ್ಪರಿಗೆಗೆ ಬೇರೆ ಇಡಲಿಲ್ಲ, ಚಾವಡಿಯದ್ದೇ ಹಲಗೆ ದಾಟಿ ಮೇಲೆ ಹೋಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಇಟ್ಟರೆ ಒಂದಕ್ಕೊಂದು ಗದ್ದಲವಾಗಿ ವೇಗ ಕಮ್ಮಿಯಾಗುತ್ತದೆ. ಹಾಗಾಗಿ ಮೊದಲು ಎರಡು ತನ್ನಿ, ಕಮ್ಮಿ ಬಿದ್ದರೆ ಅದೇ ಜಾತಿಯ ಮೂರನೆಯದನ್ನು ಸೇರಿಸಿ. ಬೇರೆ ಬೇರೆ ಕಂಪನಿಯ ಪೆಟ್ಟಿಗೆಗಳು ಸಾಮಾನ್ಯವಾಗಿ ಒಂದೇ ತಂಡದಲ್ಲಿ ಸೇರುವುದಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಕಡಿಮೆ. ವೈಫೈ 6 ಎಂಬ ತಲೆಮಾರಿನದ್ದು ಇದ್ದರೆ ಒಳ್ಳೆಯದು, ನೂರಿನ್ನೂರು ಎಂಬಿಪಿಎಸ್ ಪ್ಲಾನಿಗೆ ಅದಕ್ಕಿಂತ ದೊಡ್ಡದು ಬೇಡ. ಪ್ರತಿ ಪೆಟ್ಟಿಗೆಯಲ್ಲೂ ಎರಡು ಲ್ಯಾನ್ ಪೋರ್ಟ್, ಅಂದರೆ ನೆಟ್ ವಯರ್ ಸಿಕ್ಕಿಸುವ ತೂತು, ಇರಲೇಬೇಕು, ಅವು ಗಿಗಾಬಿಟ್, ಅಂದರೆ ಸಾವಿರ ಎಂಬಿಪಿಎಸ್‌ನವು ಆಗಿರಬೇಕು. ಅಗ್ಗದ ಕೆಲವದರಲ್ಲಿ ನೂರು ಎಂಬಿಪಿಎಸ್ ಪೋರ್ಟ್ ಇರುತ್ತದೆ, ಬಾಕ್ಸಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ವಯರಿನ ಬ್ಯಾಕ್‌ಹಾಲ್ ಆಗುತ್ತದೆಯಾ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ವಯರ್ ಎಳೆಯುವ ಹಾಗೆಯೇ ಇಲ್ಲ ಎನ್ನುವವರು ಮಾತ್ರ ಮೂರು ಬ್ಯಾಂಡಿನ ಪೆಟ್ಟಿಗೆಗೆ ಜಾಸ್ತಿ ದುಡ್ಡು ಕೊಡಬಹುದು. ಅದರಲ್ಲಿ ಒಂದು ಬ್ಯಾಂಡನ್ನು ಪೆಟ್ಟಿಗೆಗಳ ನಡುವಿನ ಮಾತಿಗೇ ಬಿಟ್ಟುಕೊಡಬಹುದು, ವೇಗ ಅರ್ಧವಾಗುವುದು ತಪ್ಪುತ್ತದೆ.

ಕರೆಂಟಿನ ವಯರಿನಲ್ಲೇ ಇಂಟರ್ನೆಟ್ ಕಳಿಸುವ ಅಡಾಪ್ಟರ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಮೂರು ಫೇಸ್ ಇರುವ ಮನೆಯಲ್ಲಿ ಅದು ಒಂದು ಫೇಸಿನಿಂದ ಇನ್ನೊಂದಕ್ಕೆ ಸರಿಯಾಗಿ ದಾಟುವುದಿಲ್ಲ, ಇನ್ವರ್ಟರ್ ಲೈನ್ ಬೇರೆಯಾದರೆ ಅಲ್ಲೂ ತೊಂದರೆ. ನಾನು ಅದರ ಗೋಜಿಗೆ ಹೋಗುವುದಿಲ್ಲ.

ವಯರ್

ಲ್ಯಾನ್ ಕೇಬಲ್ ಕ್ಯಾಟ್-6 ತನ್ನಿ. ಒಂದು ಎಳೆತ 100 ಮೀಟರಿನ ಒಳಗೆ ಇರಬೇಕು, ಮನೆಯೊಳಗೆ ಅಷ್ಟು ಬೇಕಾಗುವುದೇ ಇಲ್ಲ. ಅಂಗಡಿಯಲ್ಲಿ ಎರಡು ಜಾತಿ ಇರುತ್ತದೆ, ಶುದ್ಧ ತಾಮ್ರದ್ದು ಮತ್ತು ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟದ್ದು. ಹೊರಗಿನಿಂದ ಎರಡೂ ಒಂದೇ ತರ ಕಾಣುತ್ತದೆ. ಒಂದು ಸಣ್ಣ ತಂತಿಯನ್ನು ಚೂರಿಯಲ್ಲಿ ಕೆರೆದು ನೋಡಿ. ಒಳಗೂ ಕೆಂಪೇ ಇದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ತಂತಿ ಬಗ್ಗಿಸಿದಲ್ಲಿ ಬೇಗ ತುಂಡಾಗುತ್ತದೆ, ಉದ್ದ ಎಳೆದರೆ ಸಿಗ್ನಲ್ ಬೇಗ ಸೋರುತ್ತದೆ. ಮಾಡಿನ ಕೆಳಗೆ ಒಮ್ಮೆ ಎಳೆದ ವಯರನ್ನು ಮತ್ತೆ ತೆಗೆಯಲು ಯಾರಿಗೂ ಮನಸ್ಸಾಗುವುದಿಲ್ಲ, ಹಾಗಾಗಿ ಇಲ್ಲಿ ದುಡ್ಡು ಉಳಿಸಬೇಡಿ.

ಹಂಚಿನ ಮನೆಯಲ್ಲಿ ದಾರಿ ಸುಲಭ. ಅಟ್ಟದ ಮೇಲಿನಿಂದ ಎಳೆದು, ಗೋಡೆಯ ತಲೆಯ ಮೇಲೆ ದಾಟಿಸಿ, ಬೇಕಾದ ಕೋಣೆಯಲ್ಲಿ ಮೂಲೆಯಿಂದ ಕೆಳಗಿಳಿಸಬಹುದು. ಗೋಡೆ ಕೊರೆಯುವುದೇ ಬೇಡ. ಆದರೆ ಅಟ್ಟದಲ್ಲಿ ಇಲಿ ಇರುತ್ತದೆ. ಕೇಬಲನ್ನು ಮುಕ್ಕಾಲು ಇಂಚಿನ ಪಿವಿಸಿ ಪೈಪಿನೊಳಗೆ ಹಾಕಿ, ಪೈಪಿನ ತುದಿಗಳನ್ನು ತೆರೆದಿಡಬೇಡಿ. ಕರೆಂಟಿನ ವಯರ್ ಇರುವ ಪೈಪಿನಲ್ಲೇ ಇದನ್ನೂ ತುರುಕುವುದು ಬೇಡವೇ ಬೇಡ, ಅಪಾಯ. ಪಕ್ಕಪಕ್ಕ ಹೋಗಬೇಕಾದರೆ ಒಂದು ಅಡಿಯಷ್ಟು ದೂರ ಬಿಡಿ, ದಾಟಲೇಬೇಕಾದಲ್ಲಿ ಅಡ್ಡಕ್ಕೆ ದಾಟಿಸಿ. ಟೆರೇಸ್ ಮನೆಯಾದರೆ ಗೋಡೆ ಕೊರೆಯಬೇಕಾಗುತ್ತದೆ. ಮುರಕಲ್ಲಿಗೆ ಡ್ರಿಲ್ ಸಲೀಸಾಗಿ ಇಳಿಯುತ್ತದೆ, ತೂತನ್ನು ಹೊರಬದಿಗೆ ಸ್ವಲ್ಪ ಇಳಿಜಾರಾಗಿ ಕೊರೆಯಿರಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಆ ತೂತಿನಿಂದ ನೀರು ಒಳಗೆ ಬರುತ್ತದೆ. ಗೋಡೆಯ ಹೊರಗೆ ಬಿಸಿಲಿಗೆ ಬೀಳುವ ಕಡೆಗೆ ಕಪ್ಪು ಹೊದಿಕೆಯ ಹೊರಾಂಗಣ ಕೇಬಲ್ಲೇ ಆಗಬೇಕು.

ತುದಿಗೆ ಕನೆಕ್ಟರ್ ಕೂರಿಸುವುದನ್ನು ನೀವೇ ಮಾಡಬಹುದು. ಕನೆಕ್ಟರನ್ನು ಒತ್ತಿ ಕೂರಿಸುವ ಕ್ರಿಂಪಿಂಗ್ ಉಪಕರಣವನ್ನು ಯಾರಲ್ಲಾದರೂ ಎರವಲು ತನ್ನಿ. ಹೊರಗಿನ ಹೊದಿಕೆಯನ್ನು ಒಂದು ಇಂಚಿನಷ್ಟು ಸುಲಿಯಿರಿ. ಒಳಗೆ ಎಂಟು ತಂತಿ, ಎರಡೆರಡಾಗಿ ಹೊಸೆದುಕೊಂಡಿರುತ್ತವೆ. ಬಿಡಿಸಿ, ಬೆರಳ ಮಧ್ಯೆ ನೇರ ಮಾಡಿ, ಎಡದಿಂದ ಸಾಲಾಗಿ ಇಡಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಮಧ್ಯದಲ್ಲಿ ನೀಲಿ ಬಂದು ಹಸಿರಿನ ಜೋಡಿಯನ್ನು ಬೇರೆ ಮಾಡುತ್ತದೆ, ತಪ್ಪುವುದು ಅಲ್ಲೇ. ತುದಿಗಳನ್ನು ಒಂದೇ ಸಮಕ್ಕೆ ಕತ್ತರಿಸಿ, ಅರ್ಧ ಇಂಚು ಮಾತ್ರ ಉಳಿಸಿ. ಕನೆಕ್ಟರಿನ ಪಿನ್ ಇರುವ ಬದಿ ನಿಮ್ಮ ಕಡೆಗಿರಲಿ, ಕ್ಲಿಪ್ ಹಿಂದೆ. ತಂತಿಗಳನ್ನು ಒಳಗೆ ತಳ್ಳಿ, ಎಂಟೂ ತುದಿಗಳು ಮುಂದಿನ ಗೋಡೆಗೆ ಮುಟ್ಟಿದ್ದು ಕಂಡ ಮೇಲೆ, ಹೊರಗಿನ ಹೊದಿಕೆಯೂ ಕನೆಕ್ಟರಿನೊಳಗೆ ಹೋಗಿದೆ ಎಂದು ನೋಡಿಕೊಂಡು ಒತ್ತಿ. ಇನ್ನೊಂದು ತುದಿಗೂ ಇದೇ ಬಣ್ಣದ ಸಾಲು.

ಪರೀಕ್ಷೆಗೆ ಎಂಟು ದೀಪದ ಟೆಸ್ಟರ್ ಸಿಗುತ್ತದೆ. ಅದಿಲ್ಲದಿದ್ದರೂ ಗುರುತು ಹಿಡಿಯಬಹುದು. ಇನ್ನೂರರ ಪ್ಲಾನಿನಲ್ಲಿ ವೇಗ ಪ್ರತಿಸಲ 94ರ ಹತ್ತಿರ ಬಂದು ನಿಂತರೆ, ಸಂಶಯ ಪಡಬೇಕಾದದ್ದು ಈ ಕನೆಕ್ಟರನ್ನೇ. ಗಿಗಾಬಿಟ್‌ಗೆ ಎಂಟೂ ತಂತಿ ಬೇಕು. ಒಂದು ಕೈಕೊಟ್ಟರೆ ಎಷ್ಟೋ ಸಲ ಅದು ಸುಮ್ನೆ ನೂರಕ್ಕೆ ಇಳಿದು ಕೆಲಸ ಮಾಡುತ್ತಿರುತ್ತದೆ, ಯಾರಿಗೂ ಹೇಳುವುದಿಲ್ಲ.

ಅಂಗಳ ದಾಟುವಾಗ ಸಿಡಿಲಿನ ಯೋಚನೆ

ಹಟ್ಟಿಯ ಪಕ್ಕದ ಕೋಣೆಯಲ್ಲಿ ಸಿಸಿಟಿವಿ ಇತ್ತು, ಅಲ್ಲಿಗೂ ವೈಫೈ ಬೇಕು ಎಂದರು ದೊಡ್ಡಪ್ಪ. ನಾನು ಅಂಗಳದ ಮೇಲಿನಿಂದ, ಬಟ್ಟೆ ಒಣಗಿಸುವ ತಂತಿಯ ಪಕ್ಕದಲ್ಲೇ, ಇಪ್ಪತ್ತೈದು ಮೀಟರ್ ಲ್ಯಾನ್ ಕೇಬಲ್ ಎಳೆದೆ. ಚೆನ್ನಾಗಿಯೇ ನಡೆಯುತ್ತಿತ್ತು. ತುಲಾ ತಿಂಗಳು (ಅಕ್ಟೋಬರ್-ನವೆಂಬರ್) ಬಂತು. ಮಧ್ಯಾಹ್ನ ಮೋಡ ಕಟ್ಟಿ, ಸಂಜೆ ಗುಡುಗು. ಆ ಸಂಜೆ ಸಿಡಿಲು ಬಿದ್ದದ್ದು ತೋಟದ ಆಚೆಯ ತೆಂಗಿನ ಮರಕ್ಕೆ, ಮನೆಗೇನೂ ಅಲ್ಲ. ಆದರೂ ಆ ಕೇಬಲಿನ ಎರಡೂ ತುದಿಯ ಪೆಟ್ಟಿಗೆಗಳು ಸತ್ತವು. ಒಂದನ್ನು ಬಿಚ್ಚಿ ನೋಡಿದೆ, ಲ್ಯಾನ್ ಪೋರ್ಟಿನ ಹಿಂದೆ ಕಪ್ಪಗೆ ಸುಟ್ಟಿತ್ತು. ಕರೆಂಟಿನ ಕಡೆಯಿಂದ ಏನೂ ಆಗಿರಲಿಲ್ಲ, ಪ್ಲಗ್ ತೆಗೆದೇ ಇಟ್ಟಿದ್ದರು. ಹತ್ತಿರದಲ್ಲಿ ಸಿಡಿಲು ಬಿದ್ದರೆ ಉದ್ದದ ತಾಮ್ರದ ತಂತಿಯಲ್ಲಿ ತಾನಾಗಿಯೇ ವಿದ್ಯುತ್ ಹುಟ್ಟುತ್ತದೆ, ಅದಕ್ಕೆ ನೇರ ಹೊಡೆತ ಬೇಕಾಗಿಲ್ಲ.

ಅಂದಿನಿಂದ ಎರಡು ಕಟ್ಟಡಗಳ ಮಧ್ಯೆ ತಾಮ್ರ ಎಳೆಯುವುದನ್ನು ನಾನು ಬಿಟ್ಟಿದ್ದೇನೆ. ಅಲ್ಲಿಗೆ ಫೈಬರ್ ಹಾಕಿ. ಎರಡೂ ತುದಿಗೆ ಕನೆಕ್ಟರ್ ಕೂರಿಸಿದ ಫೈಬರ್ ಸಿದ್ಧವಾಗಿಯೇ ಸಿಗುತ್ತದೆ. ಜತೆಗೆ ಮೀಡಿಯಾ ಕನ್ವರ್ಟರ್ ಎಂಬ ಸಣ್ಣ ಪೆಟ್ಟಿಗೆ ಒಂದು ಜೋಡಿ ಬೇಕು, ಬೆಳಕನ್ನು ಮತ್ತೆ ಲ್ಯಾನಿಗೆ ಬದಲಾಯಿಸಲು. ನಿಮ್ಮ ಊರಿನ ಕೇಬಲ್‌ನವರಲ್ಲಿ ಕೇಳಿದರೆ ಸಹಾಯ ಮಾಡುತ್ತಾರೆ, ಅವರ ಕೈಯಲ್ಲಿ ತುಂಡು ಫೈಬರ್ ಇದ್ದೇ ಇರುತ್ತದೆ. ಫೈಬರ್ ಗಾಜು, ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ. ಒಂದು ವಿಷಯ ಮಾತ್ರ ಮರೆಯಬೇಡಿ. ಕಂಬದಿಂದ ಎಳೆಯುವ ಫೈಬರಿನ ಜತೆ ಬಲಕ್ಕೆಂದು ಒಂದು ಉಕ್ಕಿನ ತಂತಿ ಅಂಟಿಕೊಂಡಿರುತ್ತದೆ. ಅದನ್ನು ಹೊರಗಿನ ಕೊಕ್ಕೆಗೆ ಕಟ್ಟಿ ಅಲ್ಲೇ ಕತ್ತರಿಸಿ. ಮನೆಯೊಳಗೆ, ಪೆಟ್ಟಿಗೆಯವರೆಗೆ ತರಬೇಡಿ.

ಫೈಬರ್ ಪೆಟ್ಟಿಗೆಗೆ ಜೋಡಿಸುವುದು

ಜನರು ಹೆಚ್ಚು ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಕಂಪನಿಯವರು ಕೊಟ್ಟ ಫೈಬರ್ ಪೆಟ್ಟಿಗೆ, ಅಂದರೆ ಓಎನ್‌ಟಿ, ಸಾಮಾನ್ಯವಾಗಿ ತಾನೇ ರೂಟರ್, ಅಂದರೆ ಮನೆಯ ನೆಟ್ಟನ್ನು ನಡೆಸುವ ಯಜಮಾನ, ಕೂಡ ಆಗಿರುತ್ತದೆ. ನಿಮ್ಮ ಮೆಶ್ ಕೂಡ ರೂಟರ್. ಮನೆಯಲ್ಲಿ ಎರಡು ಯಜಮಾನರಾದರೆ ಸಿಸಿಟಿವಿ ಹೊರಗಿನಿಂದ ನೋಡಲು ಆಗದಿರುವುದು, ಪ್ರಿಂಟರ್ ಕಾಣದಿರುವುದು, ಇಂಥ ತೊಂದರೆ ಶುರುವಾಗುತ್ತದೆ. ದಾರಿ ಎರಡು.

ಸುಲಭದ್ದು, ಮೆಶ್‌ನ ಆ್ಯಪಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಎಂದಿರುವುದನ್ನು ಆರಿಸುವುದು. ಆಗ ಯಜಮಾನಿಕೆ ಓಎನ್‌ಟಿಯದ್ದು, ಮೆಶ್ ಬರೀ ವೈಫೈ ಹಂಚುತ್ತದೆ. ಹೆಚ್ಚಿನ ಮನೆಗಳಿಗೆ ನಾನು ಇದನ್ನೇ ಹಾಕುತ್ತೇನೆ. ಇನ್ನೊಂದು, ಓಎನ್‌ಟಿಯನ್ನು ಬ್ರಿಜ್ ಮೋಡಿಗೆ ಹಾಕಿ, ಅಂದರೆ ಅದರ ಯಜಮಾನಿಕೆ ತೆಗೆದು, ಪಿಪಿಪಿಒಇ (ಕಂಪನಿಯ ನೆಟ್ಟಿಗೆ ಲಾಗಿನ್ ಆಗುವ) ಹೆಸರು ಮತ್ತು ಪಾಸ್‌ವರ್ಡನ್ನು ಮುಖ್ಯ ಮೆಶ್ ಪೆಟ್ಟಿಗೆಯಲ್ಲಿ ಬರೆಯುವುದು. ಮಕ್ಕಳಿಗೆ ರಾತ್ರಿ ನೆಟ್ ಬಂದ್ ಮಾಡುವ ಸೌಲಭ್ಯ ಬೇಕಾದರೆ ಇದು ಒಳ್ಳೆಯದು, ಯಾಕೆಂದರೆ ಎಷ್ಟೋ ಪೆಟ್ಟಿಗೆಗಳಲ್ಲಿ ಆಕ್ಸೆಸ್ ಪಾಯಿಂಟ್ ಮೋಡಿಗೆ ಹೋದರೆ ಅಂಥ ಸೌಲಭ್ಯಗಳು ಮಾಯವಾಗುತ್ತವೆ. ಆದರೆ ಹೆಸರು, ಪಾಸ್‌ವರ್ಡ್ ಕೈಯಲ್ಲಿ ಇಟ್ಟುಕೊಳ್ಳದೆ ಬ್ರಿಜ್ ಒತ್ತಬೇಡಿ, ನೆಟ್ ಪೂರ್ತಿ ಹೋಗುತ್ತದೆ. ಮೊದಲೇ ಫೋನ್ ಮಾಡಿ ಕೇಳಿ.

ಎರಡರಲ್ಲಿ ಯಾವುದಾದರೂ ಸರಿ, ಓಎನ್‌ಟಿಯ ಸ್ವಂತ ವೈಫೈಯನ್ನು ಆಫ್ ಮಾಡಿ. ಇಲ್ಲದಿದ್ದರೆ ಮೊಬೈಲುಗಳು ಹಳೆಯ ಹೆಸರಿಗೇ ಅಂಟಿಕೊಂಡು ಕೂರುತ್ತವೆ, ಮೆಶ್ ಹಾಕಿದರೂ ಏನೂ ಬದಲಾಗಲಿಲ್ಲ ಎಂದು ಮನೆಯವರು ಹೇಳುತ್ತಾರೆ.

ವಯರ್ ಸೇರಿಸುವ ಕ್ರಮ ಹೀಗೆ. ಓಎನ್‌ಟಿಯಿಂದ ಮುಖ್ಯ ಮೆಶ್ ಪೆಟ್ಟಿಗೆಗೆ ಒಂದು. ಮುಖ್ಯ ಪೆಟ್ಟಿಗೆಯ ಇನ್ನೊಂದು ಪೋರ್ಟಿನಿಂದ ಒಂದು ಸಣ್ಣ ಗಿಗಾಬಿಟ್ ಸ್ವಿಚ್‌ಗೆ, ಅಂದರೆ ಒಂದು ಲ್ಯಾನ್ ವಯರನ್ನು ಹಲವಾಗಿ ಹಂಚುವ ಪೆಟ್ಟಿಗೆಗೆ. ಸ್ವಿಚ್‌ನಿಂದ ಉಳಿದ ಪೆಟ್ಟಿಗೆಗಳಿಗೆ. ಮೆಶ್ ರೂಟರ್ ಮೋಡಿನಲ್ಲಿ ಇರುವಾಗ ಎರಡನೆಯ ಪೆಟ್ಟಿಗೆಯನ್ನು ನೇರ ಓಎನ್‌ಟಿಗೆ ಸಿಕ್ಕಿಸಬೇಡಿ, ಅದು ಮುಖ್ಯ ಪೆಟ್ಟಿಗೆಯ ಹಿಂದೆಯೇ ಇರಬೇಕು. ಹಾಗೆಯೇ ಎರಡನೆಯ ಪೆಟ್ಟಿಗೆಯಲ್ಲಿ ಖಾಲಿ ಉಳಿದ ಪೋರ್ಟಿನಿಂದ ಮತ್ತೆ ಅದೇ ಸ್ವಿಚ್‌ಗೆ ವಯರ್ ಹಾಕಿದರೆ ಸುತ್ತು ಆಗಿ ಇಡೀ ಮನೆಯ ನೆಟ್ ನಿಲ್ಲುತ್ತದೆ. ಒಂದು ಪೆಟ್ಟಿಗೆಗೆ ಒಂದೇ ದಾರಿ.

ಹೊಸ ಪೆಟ್ಟಿಗೆಗಳನ್ನು ಮೊದಲು ಎಲ್ಲವನ್ನೂ ಚಾವಡಿಯಲ್ಲೇ, ಒಂದರ ಪಕ್ಕ ಒಂದು ಇಟ್ಟು ಆ್ಯಪಿನಲ್ಲಿ ಸೇರಿಸಿ, ಫರ್ಮ್‌ವೇರ್ (ಪೆಟ್ಟಿಗೆಯೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮುಗಿಸಿ, ಆಮೇಲೆ ಅವುಗಳ ಜಾಗಕ್ಕೆ ಒಯ್ಯಿರಿ. ದೂರದಲ್ಲಿ ಇಟ್ಟು ಸೇರಿಸಲು ಹೋದರೆ ಅರ್ಧ ದಿನ ಹೋಗುತ್ತದೆ.

ಸೆಟ್ಟಿಂಗ್ಸ್ ಜಾಸ್ತಿ ಮುಟ್ಟುವುದು ಬೇಡ. ಹೆಸರು, ಪಾಸ್‌ವರ್ಡ್ ಹಳೆಯದನ್ನೇ ಕೊಟ್ಟರೆ ಟಿವಿ, ಮೊಬೈಲುಗಳಲ್ಲಿ ಮತ್ತೆ ಬರೆಯುವ ಕೆಲಸ ಉಳಿಯುತ್ತದೆ. ಭದ್ರತೆಗೆ ಡಬ್ಲ್ಯುಪಿಎ2 ಮತ್ತು 3 ಎರಡೂ ಸೇರಿದ ಆಯ್ಕೆ ಇಡಿ, ಬರೀ 3 ಇಟ್ಟರೆ ಹಳೆಯ ಪ್ರಿಂಟರ್, ಕ್ಯಾಮೆರಾಗಳು ಸೇರುವುದಿಲ್ಲ. ಚಾನೆಲ್ ಆರಿಸಲು ಬಿಟ್ಟರೆ 2.4ಕ್ಕೆ 1, 6, 11 ಈ ಮೂರರಲ್ಲಿ ಒಂದು. ತೋಟದ ಮಧ್ಯೆ ಒಂಟಿ ಮನೆಯಾದರೆ ನೆರೆಯ ವೈಫೈ ಬರುವುದೇ ಇಲ್ಲ, ಆಟೊ ಸಾಕು. ಮೊಬೈಲ್ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಬೇಗ ಹಾರಲು ಇರುವ ಫಾಸ್ಟ್ ರೋಮಿಂಗ್ ಆನ್ ಇಡಿ, ಯಾವುದಾದರೂ ಹಳೆಯ ಮೊಬೈಲ್ ಪದೇ ಪದೇ ಕಡಿತವಾಗುತ್ತಿದ್ದರೆ ಮಾತ್ರ ಆಫ್ ಮಾಡಿ ನೋಡಿ. ಪೂಜೆಗೆ, ಉಪನಯನಕ್ಕೆ ನೂರಾರು ಜನ ಬರುವ ಮನೆಯಾದರೆ ಗೆಸ್ಟ್ ವೈಫೈ ಬೇರೆ ಮಾಡಿ, ಮನೆಯ ಪಾಸ್‌ವರ್ಡ್ ಊರಿಗೆಲ್ಲ ಹೋಗುವುದು ತಪ್ಪುತ್ತದೆ.

ಪೆಟ್ಟಿಗೆಯನ್ನು ಕಪಾಟಿನೊಳಗೆ, ಟಿವಿಯ ಹಿಂದೆ ಅಡಗಿಸಬೇಡಿ. ತೆರೆದ ಜಾಗ, ಎದೆಯ ಎತ್ತರ, ಬಾಗಿಲಿನ ನೇರ. ಇಟ್ಟ ಮೇಲೆ ಮತ್ತೆ ಅದೇ ಕಾಗದ ಹಿಡಿದು ಕೋಣೆ ಕೋಣೆಯಲ್ಲಿ ಅಳೆಯಿರಿ. ಅಡುಗೆ ಕೋಣೆಯಲ್ಲಿ 84 ಇದ್ದದ್ದು 51ಕ್ಕೆ ಬಂತು. ಕೊನೆಯದಾಗಿ ಯಾರಿಗಾದರೂ ವಿಡಿಯೊ ಕಾಲ್ ಮಾಡಿ, ಜಗಲಿಯಿಂದ ಹಿಂಬಾಗಿಲಿನವರೆಗೆ ಮಾತಾಡುತ್ತ ನಡೆಯಿರಿ. ಎಲ್ಲಿ ಮುಖ ನಿಂತುಹೋಗುತ್ತದೋ ಅಲ್ಲಿ ಗುರುತು ಹಾಕಿ, ಹತ್ತಿರದ ಪೆಟ್ಟಿಗೆಯನ್ನು ಒಂದೆರಡು ಅಡಿ ಸರಿಸಿ ನೋಡಿ.

ಕರೆಂಟ್ ಹೋದರೆ

ಇನ್ವರ್ಟರ್ ಇದ್ದರೂ ಹಲವು ಮನೆಗಳಲ್ಲಿ ಅದರ ಲೈನ್ ದೀಪ ಮತ್ತು ಫ್ಯಾನಿಗೆ ಮಾತ್ರ ಇರುತ್ತದೆ, ಪ್ಲಗ್ ಪಾಯಿಂಟಿಗೆ ಇರುವುದಿಲ್ಲ. ಮೇನ್ ಆಫ್ ಮಾಡಿ, ಯಾವ ಯಾವ ಪ್ಲಗ್ಗಿನಲ್ಲಿ ಮೊಬೈಲ್ ಚಾರ್ಜ್ ಆಗುತ್ತದೆ ನೋಡಿ. ಓಎನ್‌ಟಿ, ಸ್ವಿಚ್, ಎಲ್ಲ ಮೆಶ್ ಪೆಟ್ಟಿಗೆಗಳೂ ಇನ್ವರ್ಟರ್ ಲೈನಿನಲ್ಲೇ ಇರಬೇಕು, ಸ್ವಿಚ್ ಒಂದು ಸತ್ತರೂ ಹಿಂದಿನದ್ದೆಲ್ಲ ನಿಲ್ಲುತ್ತದೆ. ಇನ್ವರ್ಟರ್ ಇಲ್ಲದವರು ರೂಟರಿಗೆಂದೇ ಬರುವ 12 ವೋಲ್ಟಿನ ಸಣ್ಣ ಯುಪಿಎಸ್ ಇಡಬಹುದು. ಕೊಳ್ಳುವ ಮೊದಲು ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆ್ಯಂಪ್ ಹೊಂದುತ್ತದೆಯಾ ನೋಡಿಕೊಳ್ಳಿ, ಕೆಲವು ಪೆಟ್ಟಿಗೆಗಳಿಗೆ 9 ವೋಲ್ಟ್ ಇರುತ್ತದೆ.

ಪ್ರತಿ ವಯರಿನ ಎರಡೂ ತುದಿಗೆ ಕಾಗದ ಸುತ್ತಿ ಟೇಪ್ ಹಾಕಿ ಹೆಸರು ಬರೆಯಿರಿ: ಅಡುಗೆ ಕೋಣೆ, ಟೆರೇಸ್, ಹಟ್ಟಿ. ದೊಡ್ಡಪ್ಪನ ಮನೆಯಲ್ಲಿ ಓಎನ್‌ಟಿಯ ಪಕ್ಕದ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇನೆ, ದೊಡ್ಡ ಅಕ್ಷರದಲ್ಲಿ. ಗುಡುಗು ದೂರದಲ್ಲಿ ಕೇಳಿದ ಕೂಡಲೇ ಎಲ್ಲ ಕಡೆಯ ಅಡಾಪ್ಟರ್ ಪ್ಲಗ್ ಕೀಳುವುದು, ಗುಡುಗು ಹತ್ತಿರ ಬಂದ ಮೇಲೆ ವಯರ್ ಮುಟ್ಟದಿರುವುದು, ಮಳೆ ಬಿಟ್ಟು ಅರ್ಧ ಗಂಟೆ ಕಳೆದ ಮೇಲೆ ಮೊದಲು ಓಎನ್‌ಟಿ ಹಾಕುವುದು, ಅದರ ದೀಪಗಳು ಮಿನುಗುವುದು ನಿಂತು ಸ್ಥಿರವಾದ ಮೇಲೆ ಮುಖ್ಯ ಪೆಟ್ಟಿಗೆ, ಆಮೇಲೆ ಉಳಿದವು. ಓಎನ್‌ಟಿಯಲ್ಲಿ ಕೆಂಪು ದೀಪ ಉರಿಯುತ್ತಲೇ ಇದ್ದರೆ ಹೆಚ್ಚಾಗಿ ಹೊರಗೆ ಎಲ್ಲೋ ಫೈಬರ್ ತುಂಡಾಗಿರುತ್ತದೆ, ಮನೆಯೊಳಗೆ ಏನೂ ಮುಟ್ಟದೆ ಕೇಬಲ್‌ನವರಿಗೆ ಫೋನ್ ಮಾಡುವುದು. ಆ ಫೋನ್ ನಂಬರನ್ನೂ ಚೀಟಿಯ ಕೆಳಗೆ ಬರೆದಿದ್ದೇನೆ, ಯಾಕೆಂದರೆ ಅದು ಬೇಕಾಗುವ ಹೊತ್ತಿಗೆ ನೆಟ್ ಇರುವುದಿಲ್ಲ.